ಕಡಲಾಚೆಯ ಅಧಿಕಾರಿಯೂ ಕೈದಿಯ ಅಹವಾಲೂ

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನಮ್ಮ ಜನರು ಸುಮ್ಮನೆ ಕಟ್ಟಲಿಲ್ಲ. ರಾಜಧಾನಿಯಲ್ಲಿ ಕುಳಿತ ಸರ್ಕಾರವು ಎಷ್ಟೇ ಸದಾಶಯವುಳ್ಳದ್ದಾಗಿರಲಿ, ಪ್ರಜೆಯ ಪಾಲಿಗೆ ಸರ್ಕಾರವೆಂದರೆ ಅವನೆದುರಿಗೆ ಕುರ್ಚಿಯ ಮೇಲೆ ಕುಳಿತಿರುವ ಅಧಿಕಾರಿಯೇ. ಆ ಅಧಿಕಾರಿ ನ್ಯಾಯವಂತನಾದರೆ ಸರ್ಕಾರ ನ್ಯಾಯವಾದದ್ದು. ಕ್ರೂರಿಯಾದರೆ ಸರ್ಕಾರ ಕ್ರೂರವಾದದ್ದು. ರಾಜಧಾನಿಗೂ ಆ ಕುರ್ಚಿಗೂ ನಡುವೆ ಹಾದಿ ಉದ್ದವಾದಷ್ಟೂ ಈ ಮಾತಿನ ಸತ್ಯವು ಹೆಚ್ಚುತ್ತದೆ. ನಡುವೆ ಸಮುದ್ರವೇ ಬಿದ್ದರಂತೂ ಅಧಿಕಾರಿಯು ಕಾಯಿದೆಯ ಸೇವಕನಾಗಿ ಉಳಿಯುವನೋ, ತಾನೇ ಕಾಯಿದೆಯಾಗುವನೋ ಎಂಬುದು ಅವನ ಮನಸ್ಸಾಕ್ಷಿಯೊಂದಕ್ಕೇ ಬಿಟ್ಟ ವಿಷಯವಾಗಿ ಹೋಗುತ್ತದೆ.

ಪತ್ರಿಕಾಲಯಕ್ಕೆ ಪ್ರತಿದಿನವೂ ಬರುವ ಅಂಚೆಯಲ್ಲಿ ಅಧಿಕಾರಿಗಳ ಮೇಲಿನ ದೂರುಗಳು ಇಲ್ಲದ ದಿನವಿಲ್ಲ. ಅವುಗಳಲ್ಲಿ ಅರ್ಧಕ್ಕೆ ಸಹಿ ಇರುವುದಿಲ್ಲ. ಸಹಿಯಿಲ್ಲದ ಕಾಗದವನ್ನು ನಾವು ಅಚ್ಚು ಹಾಕುವುದಿಲ್ಲ. ಆದರೆ ಹರಿದು ಬಿಸಾಡುವ ಮುನ್ನ ಒಂದು ನಿಮಿಷ ಕೈಯಲ್ಲಿ ಹಿಡಿದು ಯೋಚಿಸುವುದುಂಟು. ಈ ಮನುಷ್ಯನು ಹೆಸರು ಬರೆಯಲು ಏಕೆ ಅಂಜಿದನು? ಅವನು ಸುಳ್ಳನಾದ್ದರಿಂದಲೋ, ಅಥವಾ ದೂರು ವಿಚಾರಣೆಗೆಂದು ಮೇಲಿಂದ ಕೆಳಕ್ಕೆ ಇಳಿದು ಕಡೆಗೆ ಯಾರ ಮೇಲೆ ದೂರಿದೆಯೋ ಅವರ ಮೇಜಿಗೇ 'ವರದಿಗಾಗಿ' ಬಂದು ಬೀಳುವುದೆಂದು ಬಲ್ಲವನಾದ್ದರಿಂದಲೋ? ನಮ್ಮ ವಾಚಕರಲ್ಲಿ ಸರ್ಕಾರಿ ನೌಕರಿಯಲ್ಲಿರುವ ಮಹನೀಯರು ಅನೇಕರಿದ್ದಾರೆ. ಈ ಪ್ರಶ್ನೆಗೆ ಉತ್ತರವು ನಮಗಿಂತ ಅವರಿಗೇ ಚೆನ್ನಾಗಿ ತಿಳಿದಿರಬೇಕು.

ದೂರಿಗೆ ದಾರಿಯಿಲ್ಲದ ಸ್ಥಳದಲ್ಲಿ ಏನಾಗುತ್ತದೆಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ನಮ್ಮ ದೇಶದ ಚರಿತ್ರೆಯಲ್ಲಿಯೇ ಅದಕ್ಕೆ ಎಂಬತ್ತು ವರ್ಷಗಳ ಉದಾಹರಣೆಯಿದೆ. ಕನ್ನಡಿಗರು 'ಕರಿನೀರು' ಎಂಬ ಒಂದೇ ಶಬ್ದದಲ್ಲಿ ಆ ಭಯವನ್ನೆಲ್ಲ ತುಂಬಿಟ್ಟಿದ್ದಾರೆ. ಅಂಡಮಾನಿನ ಆ ಕಥೆಯನ್ನು ವೀರರ ಕಥೆಯಾಗಿ ಹಲವರು ಹೇಳಿದ್ದಾರೆ. ಅದನ್ನು ಆಡಳಿತದ ಕಥೆಯಾಗಿ, ಅಂದರೆ ಅಧಿಕಾರಿಯ ಮೇಲಿನ ದೂರು ಎಲ್ಲಿಂದ ಹೊರಟಿತು, ಯಾರ ಕೈ ಸೇರಿತು, ಏನಾಯಿತು ಎಂಬ ಕಥೆಯಾಗಿ ಇಂದು ನೋಡಬೇಕೆಂದಿದ್ದೇವೆ.

ಮೊದಲ ಮೂರು ತಿಂಗಳು

ಅಂಡಮಾನಿನಲ್ಲಿ ಕೈದಿಗಳ ವಸಾಹತನ್ನು ಸ್ಥಾಪಿಸುವ ಪ್ರಯತ್ನ 1789ರಲ್ಲಿಯೇ ನಡೆದು, ಜ್ವರದ ಹಾವಳಿಯಿಂದ 1796ರಲ್ಲಿ ಕೈಬಿಟ್ಟುಹೋಗಿತ್ತು. 1857ರ ಬಂಡಾಯವಾದ ಮೇಲೆ ಸೆರೆಸಿಕ್ಕ ಸಿಪಾಯಿಗಳನ್ನು ಎಲ್ಲಿ ಇಡುವುದೆಂಬ ಚಿಂತೆ ಕಲ್ಕತ್ತೆಯ ಸರ್ಕಾರವನ್ನು ಹಿಡಿಯಿತು. ಡಾಕ್ಟರ್ ಮೌವಟ್ ಎಂಬವನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ದ್ವೀಪಗಳನ್ನು ಸುತ್ತಿ ನೋಡಿ, ಹಳೆಯ ಬಂದರೇ ತಕ್ಕದ್ದೆಂದು 1858ರ ಆರಂಭದಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಮಾರ್ಚ್ 4ರಂದು ಕಲ್ಕತ್ತೆಯಿಂದ ಹೊರಟ 'ಸೆಮಿರಾಮಿಸ್' ಎಂಬ ಹಡಗು 200 ಮಂದಿ ಕೈದಿಗಳೊಡನೆ 10ನೆಯ ತಾರೀಖು ಪೋರ್ಟ್ ಬ್ಲೇರ್ ಬಂದರನ್ನು ಮುಟ್ಟಿತು. ಅವರ ಸಂಗಡ ಇದ್ದವರು ಒಬ್ಬ ಭಾರತೀಯ ಮೇಲ್ವಿಚಾರಕ, ಇಬ್ಬರು ವೈದ್ಯರು, ನೌಕಾದಳದ 50 ಮಂದಿ ಕಾವಲಿನವರು. ಎಲ್ಲರ ಮೇಲೆ ಸೂಪರಿಂಟೆಂಡೆಂಟನಾಗಿ ಆಗ್ರಾ ಸೆರೆಮನೆಯನ್ನು ನಡೆಸಿ ಅನುಭವ ಪಡೆದಿದ್ದ ಡಾಕ್ಟರ್ ಜೇಮ್ಸ್ ಪ್ಯಾಟಿಸನ್ ವಾಕರ್.

ಕಲ್ಕತ್ತೆಗೂ ಆ ಬಂದರಿಗೂ ನಡುವೆ ಸುಮಾರು 800 ಮೈಲಿಯ ಸಮುದ್ರ. ತಂತಿಯಿಲ್ಲ, ನಿಯತವಾದ ಅಂಚೆಯಿಲ್ಲ. ಕೈದಿಗೆ ಮೇಲ್ಮನವಿಯ ನ್ಯಾಯಾಲಯವಿಲ್ಲ; ವಕೀಲನಿಲ್ಲ; ಪತ್ರಿಕೆಯಿಲ್ಲ; ಅಳುವುದಕ್ಕೆ ಹತ್ತಿರದ ನೆಂಟನೂ ಇಲ್ಲ. ಬಂಡಾಯದ ಕಾಲದ ವಿಶೇಷ ಕಾಯಿದೆಗಳು ಸೂಪರಿಂಟೆಂಡೆಂಟನ ಕೈಗೆ ಪ್ರಾಣದಂಡನೆಯ ಅಧಿಕಾರವನ್ನೂ ಕೊಟ್ಟಿದ್ದವು. ಹೀಗೆ ಜೈಲರು, ನ್ಯಾಯಾಧೀಶ, ವೈದ್ಯ, ವರದಿಗಾರ ಈ ನಾಲ್ವರೂ ಒಬ್ಬನೇ ಮನುಷ್ಯನಲ್ಲಿ ಸೇರಿದ್ದರು.

ಕೈದಿಗಳು ಕಾಡು ಕಡಿಯುವ ಕೆಲಸಕ್ಕೆ ಹಚ್ಚಲ್ಪಟ್ಟರು. ಬಂದು ಕೆಲವೇ ದಿನಗಳಲ್ಲಿ ಓಡಿಹೋಗುವುದಕ್ಕೆ ಮೊದಲಾಯಿತು. ಕಾಡಿನ ಆಚೆಗೆ ಬರ್ಮಾ ದೇಶವಿದೆ, ಅಲ್ಲಿ ಒಬ್ಬ ರಾಜನಿದ್ದಾನೆ, ಅವನು ತಮ್ಮನ್ನು ಕಾಪಾಡುವನೆಂದು ಅವರು ನಂಬಿದ್ದರು. ಕಾಡಿನ ಆಚೆಗೆ ಇದ್ದದ್ದು ಮತ್ತೆ ಸಮುದ್ರವೇ. ನಡುವೆ ಇದ್ದವರು ತಮ್ಮ ನೆಲಕ್ಕೆ ನುಗ್ಗಿದವರನ್ನು ಬಾಣದಿಂದ ಎದುರಿಸುತ್ತಿದ್ದ ಅಂಡಮಾನಿನ ಮೂಲನಿವಾಸಿಗಳು. ಹಸಿವಿನಿಂದಲೂ ಗಾಯಗಳಿಂದಲೂ ನೊಂದು ಮರಳಿಬಂದ ಅಥವಾ ಸೆರೆಸಿಕ್ಕ ಕೈದಿಗಳಿಗೆ ಡಾಕ್ಟರ್ ವಾಕರನು ಕೊಟ್ಟ ಉತ್ತರ ನೇಣುಗಂಬ. ಎಂಬತ್ತಕ್ಕೂ ಮಿಕ್ಕಿದ ಮಂದಿಯನ್ನು ಒಂದೇ ದಿನ ಗಲ್ಲಿಗೇರಿಸಲಾಯಿತು.

ಜೂನ್ ಮಧ್ಯದ ವೇಳೆಗೆ, ಎಂದರೆ ಹಡಗು ಬಂದು ಮೂರು ತಿಂಗಳು ಮುಗಿಯುತ್ತಲೂ, ದ್ವೀಪದ ಲೆಕ್ಕ ಹೀಗಿತ್ತು: ಬಂದಿಳಿದ ಕೈದಿಗಳು 773. ಆಸ್ಪತ್ರೆಯಲ್ಲಿ ಸತ್ತವರು 64. ಓಡಿಹೋಗಿ ಮರಳದೆ ಸತ್ತರೆಂದು ಎಣಿಸಲ್ಪಟ್ಟವರು 140. ಆತ್ಮಹತ್ಯೆ ಮಾಡಿಕೊಂಡವನು 1. ನೇಣು ಹಾಕಲ್ಪಟ್ಟವರು 87. ಉಳಿದವರು 481. ವಾಚಕರು ಕೂಡಿ ಕಳೆದು ನೋಡಬಹುದು, ಲೆಕ್ಕ ಸರಿಯಾಗಿದೆ. ಮೂರು ತಿಂಗಳಲ್ಲಿ ಐವರಲ್ಲಿ ಇಬ್ಬರಂತೆ ಇಲ್ಲವಾದರು.

ತಪ್ಪಿನ ಸಾಕ್ಷಿ ಅವನದೇ ಕೈಬರಹ

ಈ ಅಂಕಿಗಳು ನಮಗೆ ಹೇಗೆ ತಿಳಿದವು? ಕೈದಿಗಳ ಅರ್ಜಿಯಿಂದಲ್ಲ. ಕಾವಲಿನವರು ಕೊಟ್ಟ ಗುಟ್ಟಿನ ಸುದ್ದಿಯಿಂದಲೂ ಅಲ್ಲ. ಡಾಕ್ಟರ್ ವಾಕರನೇ ಕಲ್ಕತ್ತೆಗೆ ಬರೆದು ಕಳುಹಿಸಿದ ಪತ್ರಗಳಿಂದ ತಿಳಿದವು. ತಾನು ಮಾಡಿದ್ದು ಅಪರಾಧವೆಂಬ ಅಳುಕು ಅವನಿಗಿರಲಿಲ್ಲ; ಶಿಸ್ತಿಗೆ ಅಗತ್ಯವಾದ ಕ್ರಮವೆಂದು ಭಾವಿಸಿ, ಮುಚ್ಚುಮರೆಯಿಲ್ಲದೆ ಅಂಕಿಅಂಶಗಳೊಡನೆ ನಿವೇದಿಸಿಕೊಂಡನು. ಬಂಡಾಯವನ್ನು ಇನ್ನೂ ಪೂರ್ತಿಯಾಗಿ ಅಡಗಿಸದಿದ್ದ, ಊರೂರಿನಲ್ಲಿ ಮರಮರಕ್ಕೆ ಜನರನ್ನು ತೂಗಹಾಕಿದ್ದ ಸರ್ಕಾರವೇ ಆ ಪತ್ರವನ್ನೋದಿ ಬೆಚ್ಚಿತು. ಓಡಿಹೋದ ಅಪರಾಧಕ್ಕಾಗಿ ಇನ್ನು ಮುಂದೆ ಮರಣದಂಡನೆ ಕೂಡದೆಂದು ಆಕ್ಷೇಪಣೆಯೊಡನೆ ಆಜ್ಞೆ ಹೋಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಸೂಪರಿಂಟೆಂಡೆಂಟನ ದುರ್ವರ್ತನೆಯನ್ನು ಕುರಿತ ಅಧಿಕೃತ ಆಕ್ಷೇಪವು ಅವನದೇ ಬಾಯಿಮಾತನ್ನು ಆಧರಿಸಿತ್ತು. ಅವನು ಬರೆಯದೆ ಬಿಟ್ಟಿದ್ದರೆ, ಅಥವಾ 'ಜ್ವರದಿಂದ ಸತ್ತವರು' ಎಂಬ ಕಲಮಿನಲ್ಲಿ 87ನ್ನು ಸೇರಿಸಿಬಿಟ್ಟಿದ್ದರೆ, ಅದನ್ನು ಸುಳ್ಳೆನ್ನುವವರು ಆ ದ್ವೀಪದಲ್ಲಿ ಯಾರಿದ್ದರು? ಸತ್ಯವಂತನಾದ ಕ್ರೂರಿಯ ತಪ್ಪು ಬೆಳಕಿಗೆ ಬರುತ್ತದೆ. ಜಾಣನಾದ ಕ್ರೂರಿಯ ತಪ್ಪು ಕಡತದಲ್ಲಿಯೇ ಕರಗಿಹೋಗುತ್ತದೆ. ಎರಡನೆಯದು, ಆಕ್ಷೇಪಣೆಯ ಆಜ್ಞೆ ಹೋದ ಮೇಲೂ ಡಾಕ್ಟರ್ ವಾಕರನು ಅದೇ ಕುರ್ಚಿಯಲ್ಲಿ ಒಂದು ವರ್ಷಕ್ಕೂ ಹೆಚ್ಚಾಗಿ ಕುಳಿತಿದ್ದನು. ಸತ್ತ 87 ಮಂದಿಗೆ ಸಂಬಂಧಪಟ್ಟಂತೆ ಅವನ ಮೇಲೆ ಯಾವ ಮೊಕದ್ದಮೆಯೂ ನಡೆಯಲಿಲ್ಲ. ಕೈದಿಗಳ ಮೈಮೇಲೆ ಅವರ ಅಪರಾಧವನ್ನು ಅಳಿಸಲಾಗದಂತೆ ಗುರುತು ಹಾಕಿಸಬೇಕೆಂದೂ ಅವನು ಸೂಚಿಸಿದ್ದುಂಟು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. 1859ರ ಏಪ್ರಿಲಿನಲ್ಲಿ ಕೆಲವು ಕೈದಿಗಳು ಅವನ ಪ್ರಾಣವನ್ನು ತೆಗೆಯಲು ಯತ್ನಿಸಿದರು. ಕೋಳ ಬೇಡಿಗಳ ವಿಚಾರದಲ್ಲಿ ಸರ್ಕಾರದೊಡನೆ ಮನಸ್ತಾಪ ಬೆಳೆದು, ಅದೇ ವರ್ಷ ಅಕ್ಟೋಬರಿನಲ್ಲಿ ಅವನು ಅಧಿಕಾರವನ್ನು ಕ್ಯಾಪ್ಟನ್ ಹಾಟನ್ ಎಂಬವನಿಗೆ ಒಪ್ಪಿಸಿ ಹೊರಟನು.

ವಾಕರನಿಗೂ ನ್ಯಾಯವಾಗಿ ಸಲ್ಲತಕ್ಕದ್ದನ್ನು ಸಲ್ಲಿಸಬೇಕು. ಮನೆಯಿಲ್ಲದ, ಬೇಸಾಯವಿಲ್ಲದ, ಮಲೇರಿಯಾ ತುಂಬಿದ ಕಾಡಿನಲ್ಲಿ ಐವತ್ತು ಬಂದೂಕುಗಳ ಬಲದಿಂದ ನೂರಾರು ಮಂದಿ ಬಂಡಾಯದ ಸಿಪಾಯಿಗಳನ್ನು ಹತೋಟಿಯಲ್ಲಿಡುವುದು ಸುಲಭದ ಕೆಲಸವಲ್ಲ. ಕೈದಿಗಳು ತಮ್ಮ ಹೆಂಡಿರು ಮಕ್ಕಳನ್ನು ಕರೆಸಿಕೊಂಡು ನೆಲೆಯೂರಲಿ ಎಂಬ ಯೋಚನೆಯನ್ನೂ ಅವನು ಮಾಡಿದ್ದನು. ಆದ್ದರಿಂದ ಅವನನ್ನು ರಾಕ್ಷಸನೆಂದು ಕರೆದು ಕೈತೊಳೆದುಕೊಳ್ಳಲಾಗದು. ನಮ್ಮ ನಿಮ್ಮಂತೆ ಲೆಕ್ಕ ಬರೆಯುವ, ಕಾಗದ ಕಳುಹಿಸುವ, ಮೇಲಧಿಕಾರಿಗೆ ವಿಧೇಯನೆಂದು ಸಹಿ ಹಾಕುವ ಒಬ್ಬ ನೌಕರನೇ ಇದನ್ನು ಮಾಡಿದನೆಂಬುದು ಹೆಚ್ಚು ಭಯಂಕರವಾದ ವಿಚಾರ. ಅಂಕೆಯಿಲ್ಲದ ಅಧಿಕಾರವು ರಾಕ್ಷಸರನ್ನು ಹುಡುಕಿಕೊಂಡು ಹೋಗುವುದಿಲ್ಲ. ಸಿಕ್ಕಿದವರಿಂದಲೇ ತನ್ನ ಕೆಲಸವನ್ನು ಮಾಡಿಸಿಕೊಳ್ಳುತ್ತದೆ.

ವಿಧಿಯ ವಿಲಾಸವನ್ನೂ ನೋಡಿರಿ. 1858ರ ಏಪ್ರಿಲಿನಲ್ಲಿ ರಾಸ್ ದ್ವೀಪದಿಂದ ಓಡಿಹೋದವರಲ್ಲಿ ದೂಧನಾಥ ತಿವಾರಿ ಎಂಬ ಸಿಪಾಯಿಯೂ ಒಬ್ಬ. ಅವನ ಸಂಗಡಿಗರು ಸತ್ತರು. ಅವನು ಮಾತ್ರ ಗಾಯಗೊಂಡು ಮೂಲನಿವಾಸಿಗಳ ಕೈಗೆ ಸಿಕ್ಕಿ, ಅವರ ಕರುಣೆಯಿಂದ ಬದುಕಿ, ಒಂದು ವರ್ಷ ಅವರಲ್ಲಿಯೇ ಸಂಸಾರ ಹೂಡಿಕೊಂಡಿದ್ದನು. 1859ರ ಮೇ ತಿಂಗಳಲ್ಲಿ ಅವರು ಅಬರ್ಡೀನ್ ಎಂಬಲ್ಲಿನ ವಸಾಹತಿನ ಮೇಲೆ ದಂಡೆತ್ತಿ ಬರುವ ಹವಣಿಕೆಯಲ್ಲಿದ್ದಾಗ, ಇವನು ಓಡಿಬಂದು ವಾಕರನಿಗೆ ಮುನ್ಸೂಚನೆ ಕೊಟ್ಟನು. ಸರ್ಕಾರವು ಅವನಿಗೆ ಕ್ಷಮೆ ನೀಡಿ ಬಿಡುಗಡೆ ಮಾಡಿತು. ಓಡಿಹೋಗಿ ಕೂಡಲೇ ಸಿಕ್ಕಿದವನಿಗೆ ಗಲ್ಲು. ಓಡಿಹೋಗಿ ಒಂದು ವರ್ಷವಾದ ಮೇಲೆ ಬಂದು ತನ್ನನ್ನು ಸಲಹಿದವರ ಗುಟ್ಟನ್ನು ಬಿಟ್ಟುಕೊಟ್ಟವನಿಗೆ ಸ್ವಾತಂತ್ರ್ಯ. ಆ ಸಲಹಿದವರ ಗತಿಯೋ? ನೆಲದ ಒಡೆಯರಾದ ಅವರಿಗೆ ಅರ್ಜಿ ಬರೆಯಲು ಲಿಪಿಯೇ ಇರಲಿಲ್ಲ. 1858ರಲ್ಲಿ ಕೆಲವು ಸಾವಿರವಿದ್ದ ಗ್ರೇಟ್ ಅಂಡಮಾನೀ ಜನರು ಹೊರಗಿನವರು ತಂದ ರೋಗರುಜಿನಗಳಿಂದ ಕ್ಷೀಣಿಸಿ 1901ರ ಜನಗಣತಿಯಲ್ಲಿ 625 ಆದರು; 1961ರ ಗಣತಿಯಲ್ಲಿ 19 ಮಂದಿ ಮಾತ್ರ ಉಳಿದಿದ್ದರು.

ಗೋಡೆಯನ್ನು ದಾಟಿದ ಕಾಗದ

ಐವತ್ತು ವರ್ಷಗಳು ಕಳೆದವು. 1872ರಲ್ಲಿ ವೈಸರಾಯ್ ಮೇಯೋ ಪ್ರಭುವು ಅಲ್ಲಿಯೇ ಒಬ್ಬ ಕೈದಿಯ ಚೂರಿಗೆ ಬಲಿಯಾದನು. ಸೂಪರಿಂಟೆಂಡೆಂಟನ ಮೇಲೆ ಚೀಫ್ ಕಮಿಷನರನ ಪದವಿ ಬಂತು. 1896ರಿಂದ 1906ರವರೆಗೆ ಹತ್ತು ವರ್ಷ ಕಟ್ಟಿಸಿದ ಸೆಲ್ಯುಲರ್ ಜೈಲು ಎದ್ದು ನಿಂತಿತು. ನಡುವೆ ಒಂದು ಗೋಪುರ, ಅದರಿಂದ ಗಾಡಿಯ ಚಕ್ರದ ಅರೆಗಳಂತೆ ಹೊರಟ ಏಳು ಸಾಲು, ಮೂರು ಅಂತಸ್ತು, ಸುಮಾರು 690 ಒಂಟಿ ಕೋಣೆಗಳು. ಒಂದು ಸಾಲಿನ ಕೋಣೆಗಳು ಮುಂದಿನ ಸಾಲಿನ ಬೆನ್ನನ್ನು ನೋಡುತ್ತಿದ್ದುದರಿಂದ ಕೈದಿಯು ಕೈದಿಯ ಮುಖವನ್ನು ಕಾಣುವಂತಿರಲಿಲ್ಲ. ಅಲಿಪುರದ ಮೊಕದ್ದಮೆಯಲ್ಲಿ ಶಿಕ್ಷೆ ಹೊಂದಿದ ಬಾರೀಂದ್ರ ಘೋಷ್, ಉಲ್ಲಾಸಕರ ದತ್ತ, ಉಪೇಂದ್ರನಾಥ ಬ್ಯಾನರ್ಜಿ ಮೊದಲಾದವರು 1909ರ ಕೊನೆಯ ಹೊತ್ತಿಗೆ ಅಲ್ಲಿಗೆ ಬಂದರು. 1911ರಲ್ಲಿ ವಿನಾಯಕ ದಾಮೋದರ ಸಾವರ್ಕರರು ಬಂದರು.

ಅಲ್ಲಿಯ ಜೈಲರು ಡೇವಿಡ್ ಬ್ಯಾರಿ ಎಂಬ ಐರಿಷ್ ಮನುಷ್ಯ. ಅವನ ಚಿತ್ರವು ಬಾರೀಂದ್ರ, ಉಪೇಂದ್ರನಾಥ, ಸಾವರ್ಕರ್ ಮೂವರ ನೆನಪಿನ ಬರಹಗಳಲ್ಲಿಯೂ ಬರುತ್ತದೆ. ಮೂರೂ ಪುಸ್ತಕಗಳ ಬರವಣಿಗೆ ಬೇರೆ ಬೇರೆ. ಬ್ಯಾರಿಯ ಮೂರ್ತಿ ಮಾತ್ರ ಒಂದೇ. ಎತ್ತಿಗೆ ಕಟ್ಟುವ ಗಾಣಕ್ಕೆ ಮನುಷ್ಯರನ್ನು ಕಟ್ಟಿ, ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆಯನ್ನು ತೆಗೆಯಲೇಬೇಕೆಂದು ವಿಧಿಸಲಾಗಿತ್ತು. ಅಷ್ಟು ತೆಗೆಯದವನಿಗೆ ನಿಂತಲ್ಲಿಯೇ ಕೈಕೋಳ, ಅಡ್ಡಬೇಡಿ, ಗಂಜಿಯೂಟ, ಕೆಲವೊಮ್ಮೆ ಬೆತ್ತದೇಟು. ದೂರು ಹೇಳಬೇಕಾದರೆ ಸೂಪರಿಂಟೆಂಡೆಂಟರು ಬಂದಾಗ ಹೇಳಬೇಕು. ಅವರು ಬರುವಾಗ ಪಕ್ಕದಲ್ಲಿ ಬ್ಯಾರಿಯೇ ನಿಂತಿರುವನು. ಅವರು ಹೋದ ಮೇಲೆ ಉಳಿಯುವವನೂ ಬ್ಯಾರಿಯೇ. ಇದಕ್ಕಿಂತ ಪರಿಪೂರ್ಣವಾಗಿ ದೂರಿನ ಬಾಯನ್ನು ಮುಚ್ಚುವ ಏರ್ಪಾಡನ್ನು ಯಾರೂ ಕಂಡುಹಿಡಿದಿಲ್ಲ.

1912ರ ಏಪ್ರಿಲಿನಲ್ಲಿ ಇಂದುಭೂಷಣ ರಾಯ್ ಎಂಬ ತರುಣನು ತನ್ನ ಕೋಣೆಯಲ್ಲಿ ನೇಣು ಹಾಕಿಕೊಂಡು ಸತ್ತನು. ಅದೇ ವರ್ಷ ಉಲ್ಲಾಸಕರ ದತ್ತನಿಗೆ ಬುದ್ಧಿಭ್ರಮಣೆಯಾಯಿತು. ಮುಂದೆ ಅವನನ್ನು ಮದರಾಸಿನ ಹುಚ್ಚಾಸ್ಪತ್ರೆಗೆ ಸಾಗಿಸಬೇಕಾಯಿತು. ಆಗ ಹೋತಿಲಾಲ್ ವರ್ಮ ಎಂಬವರು ಒಂದು ಕೆಲಸ ಮಾಡಿದರು. ಅವರು ಅಲಹಾಬಾದಿನ 'ಸ್ವರಾಜ್ಯ' ಪತ್ರಿಕೆಯ ಸಂಪಾದಕರಾಗಿದ್ದವರು. ಸಂಪಾದಕನಾದವನು ಒಬ್ಬನ ನಂತರ ಒಬ್ಬನು ಸೆರೆಮನೆಗೆ ಹೋಗುತ್ತಿದ್ದ ಪತ್ರಿಕೆ ಅದು. ಎರಡು ಒಣ ರೊಟ್ಟಿ, ಒಂದು ಲೋಟ ನೀರು, ಪ್ರತಿ ಸಂಪಾದಕೀಯಕ್ಕೂ ಹತ್ತು ವರ್ಷ ಸೆರೆ ಎಂಬ ಸಂಬಳಕ್ಕೆ ಸಂಪಾದಕ ಬೇಕೆಂದು ಅದು ಜಾಹೀರಾತು ಹಾಕಿತ್ತೆಂಬ ಪ್ರಸಿದ್ಧಿಯಿದೆ. ಈ ವರ್ಮ ಅವರು ಜೈಲಿನ ಸ್ಥಿತಿಗತಿಗಳನ್ನೆಲ್ಲ ಬರೆದು, ಕಾವಲಿನ ಕಣ್ಣು ತಪ್ಪಿಸಿ ಆ ಕಾಗದವನ್ನು ಕಲ್ಕತ್ತೆಗೆ ಸಾಗಿಸಿದರು. ಅದಕ್ಕೆ ತಮ್ಮ ಹೆಸರನ್ನೂ ಹಾಕಿದ್ದರು. ಸುರೇಂದ್ರನಾಥ ಬ್ಯಾನರ್ಜಿಯವರು ತಮ್ಮ 'ಬೆಂಗಾಲಿ' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು.

ಹೊರಗಿನ ಸಂಪಾದಕನಿಗೆ ಒಳಗಿನ ಸಂಪಾದಕನು ಬರೆದ ಆ ಕಾಗದವು ಮಾಡಿದ ಕೆಲಸವನ್ನು ನೂರು ಅರ್ಜಿಗಳು ಮಾಡಿರಲಿಲ್ಲ. ದೇಶದಲ್ಲೆಲ್ಲ ಗದ್ದಲವೆದ್ದಿತು. 1913ರ ಕೊನೆಯ ಭಾಗದಲ್ಲಿ ವೈಸರಾಯರ ಸಭೆಯ ಗೃಹಸದಸ್ಯರಾದ ಸರ್ ರೆಜಿನಾಲ್ಡ್ ಕ್ರ್ಯಾಡಕ್ ಸ್ವತಃ ದ್ವೀಪಕ್ಕೆ ಬಂದು, ಕೆಲವು ರಾಜಕೀಯ ಕೈದಿಗಳನ್ನು ಕಂಡು ಮಾತನಾಡಿದರು. ಕ್ರ್ಯಾಡಕ್ ಕೈದಿಗಳ ಮಿತ್ರರಾಗಿ ಬಂದವರಲ್ಲ. ಆದರೂ 1914ರಲ್ಲಿ, ಆಜೀವ ಶಿಕ್ಷೆಯಲ್ಲದೆ ಗೊತ್ತಾದ ಅವಧಿಯ ಶಿಕ್ಷೆ ಹೊಂದಿದ್ದ ರಾಜಕೀಯ ಕೈದಿಗಳನ್ನು ಭಾರತದ ಸೆರೆಮನೆಗಳಿಗೆ ಮರಳಿ ಕಳುಹಿಸಲಾಯಿತು. 1919-20ರಲ್ಲಿ ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ ಭಾರತೀಯ ಜೈಲು ಸಮಿತಿಯು ಅಂಡಮಾನಿಗೆ ಕೈದಿಗಳನ್ನು ಸಾಗಿಸುವ ಪದ್ಧತಿಯನ್ನು ಸಾಮಾನ್ಯವಾಗಿ ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರವೂ ಅದನ್ನು ತಾತ್ತ್ವಿಕವಾಗಿ ಒಪ್ಪಿತು. ಇಷ್ಟಾದರೂ ಜೈಲರು ಬ್ಯಾರಿ ಮಾಡಿದ ಕೃತ್ಯಗಳಿಗೆ ಬ್ಯಾರಿಯು ಉತ್ತರ ಹೇಳಬೇಕಾದ ದಿನವೊಂದು ಬರಲೇ ಇಲ್ಲ. ಪದ್ಧತಿಯನ್ನು ತಿದ್ದುವುದಕ್ಕೆ ಸರ್ಕಾರಗಳು ಒಮ್ಮೊಮ್ಮೆ ಒಪ್ಪುತ್ತವೆ. ತಮ್ಮ ಮನುಷ್ಯನನ್ನು ಬಿಟ್ಟುಕೊಡಲು ಒಪ್ಪುವುದು ಅಪೂರ್ವ.

ಮಾತು ಸೋತಲ್ಲಿ ಹಸಿವು ಮಾತನಾಡಿತು

ಮುಚ್ಚುವೆವೆಂದ ಬಾಗಿಲನ್ನು 1932ರಲ್ಲಿ ರಾಜಕೀಯ ಕೈದಿಗಳಿಗಾಗಿ ಮತ್ತೆ ತೆರೆದರು. ತಿನ್ನಲಾಗುವ ಆಹಾರ, ಕೋಣೆಯಲ್ಲಿ ದೀಪ, ಸಾಬೂನು, ಓದಲು ಪುಸ್ತಕ ಪತ್ರಿಕೆ, ಇವು ಅವರ ಬೇಡಿಕೆಗಳು. ಇವುಗಳಲ್ಲಿ ಸಾಮ್ರಾಜ್ಯವನ್ನು ಉರುಳಿಸತಕ್ಕದ್ದು ಯಾವುದಿತ್ತು? ಬರೆದುಕೊಟ್ಟ ಅಹವಾಲುಗಳಿಗೆ ಉತ್ತರ ಬಾರದೆ 1933ರ ಮೇ 12ರಂದು ಉಪವಾಸ ಆರಂಭವಾಯಿತು. ಅಧಿಕಾರಿಗಳು ಬಲಾತ್ಕಾರದಿಂದ ಮೂಗಿನ ಕೊಳವೆಯ ಮೂಲಕ ಹಾಲನ್ನು ಹೊಟ್ಟೆಗಿಳಿಸಲು ಹೊರಟರು. ಲಾಹೋರ್ ಮೊಕದ್ದಮೆಯ ಮಹಾವೀರ ಸಿಂಹರು ಮೇ 17ರಂದು ಸತ್ತರು. ಅದೇ ತಿಂಗಳಲ್ಲಿ ಮೋಹನಕಿಶೋರ ನಾಮದಾಸ್, ಮೋಹಿತ ಮೈತ್ರ ಎಂಬ ಇನ್ನಿಬ್ಬರು ಸತ್ತರು. ಹಾಲು ಶ್ವಾಸಕೋಶಕ್ಕೆ ಹೋಯಿತೆಂದೂ, ಶವಗಳನ್ನು ಮನೆಯವರಿಗೆ ಕೊಡದೆ ಸಮುದ್ರಕ್ಕೆ ಇಳಿಸಿದರೆಂದೂ ಸಹಕೈದಿಗಳು ಬರೆದಿದ್ದಾರೆ. ಜೂನ್ 26ರಂದು ಉಪವಾಸ ನಿಂತಿತು. ದೀಪ ಬಂತು, ಸಾಬೂನು ಬಂತು, ಪುಸ್ತಕ ಬಂತು. ಮೂರು ಹೆಣಗಳು ಬೀಳುವ ಮುನ್ನ ಒಂದು ಹಾಳೆಯ ಅರ್ಜಿಯ ಮೇಲೆ 'ಮಂಜೂರು' ಎಂದು ಬರೆದಿದ್ದರೆ ಆಗುತ್ತಿದ್ದ ಕೆಲಸ ಅದು.

1937ರ ಜುಲೈಯಲ್ಲಿ ಎರಡನೆಯ ದೊಡ್ಡ ಉಪವಾಸ ನಡೆಯಿತು. ಈ ಬಾರಿ ಬೇಡಿದ್ದು ತಾಯ್ನೆಲಕ್ಕೆ ಮರಳಿ ಕಳುಹಿಸಿರೆಂದು. ಮಹಾತ್ಮರೂ ಠಾಕೂರರೂ ಕಾಂಗ್ರೆಸ್ಸೂ ಮಧ್ಯೆ ಬಂದರು. ಕೈದಿಗಳು ಉಪವಾಸವನ್ನು ಬಿಟ್ಟರು. 1938ರ ಜನವರಿಯ ಹೊತ್ತಿಗೆ ಕೊನೆಯ ರಾಜಕೀಯ ಕೈದಿಯೂ ದ್ವೀಪದಿಂದ ಹೊರಟನು. ಗೋಪುರದ ಸುತ್ತಲಿನ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. 1979ರಿಂದ ಅದು ರಾಷ್ಟ್ರೀಯ ಸ್ಮಾರಕ. ರಾಸ್ ದ್ವೀಪಕ್ಕೆ 2018ರಲ್ಲಿ ನೇತಾಜಿಯವರ ಹೆಸರನ್ನೂ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀವಿಜಯಪುರವೆಂಬ ಹೆಸರನ್ನೂ ಇಟ್ಟಿದ್ದಾರೆ.

ಬಿಳಿಯ ಕೈದಿಗೂ ಅದೇ ಗತಿ

ಇದು ಆಳುವ ಬಿಳಿಯರು ಆಳಿಸಿಕೊಳ್ಳುವ ಕರಿಯರಿಗೆ ಮಾಡಿದ ಅನ್ಯಾಯ, ಅಷ್ಟೇ, ಎಂದು ಕೆಲವರು ತೀರ್ಮಾನಿಸಬಹುದು. ಅದೂ ಸರಿಯೇ, ಆದರೆ ಅದು ಪೂರ್ಣ ಸತ್ಯವಲ್ಲ. ಆಸ್ಟ್ರೇಲಿಯದ ಸಿಡ್ನಿಯಿಂದ ಸುಮಾರು 1,000 ಮೈಲಿ ದೂರದಲ್ಲಿ ನಾರ್ಫೋಕ್ ಎಂಬ ದ್ವೀಪವಿದೆ. ಇಂಗ್ಲಿಷರು ತಮ್ಮವರೇ ಆದ ಕೈದಿಗಳನ್ನು ಅಲ್ಲಿ ಇಟ್ಟಿದ್ದರು. 1846ರಲ್ಲಿ ಮೇಜರ್ ಚೈಲ್ಡ್ಸ್ ಎಂಬವನ ಆಡಳಿತದ ಮೇಲೆ ದೂರುಗಳು ಹೆಚ್ಚಲಾಗಿ, ಸ್ಟೂವರ್ಟ್ ಎಂಬ ಮ್ಯಾಜಿಸ್ಟ್ರೇಟನನ್ನು ತಪಾಸಣೆಗೆ ಕಳುಹಿಸಿದರು. ಅವನ ವರದಿಯನ್ನೋದಿ ಚೈಲ್ಡ್ಸನನ್ನು ಹಿಂದಕ್ಕೆ ಕರೆಸಿಕೊಳ್ಳುವ ಹೊತ್ತಿಗೆ, ಕೈದಿಗಳ ಅಡಿಗೆಯ ಪಾತ್ರೆಗಳನ್ನು ಕಿತ್ತುಕೊಂಡ ಕಾರಣಕ್ಕೆ ಜುಲೈ 1ರಂದು ದಂಗೆಯೆದ್ದು ನಾಲ್ವರು ನೌಕರರ ಕೊಲೆಯಾಯಿತು. ಹನ್ನೆರಡು ಕೈದಿಗಳು ಗಲ್ಲಿಗೇರಿದರು. ಚೈಲ್ಡ್ಸನ ಸ್ಥಾನಕ್ಕೆ ಬಂದ ಜಾನ್ ಪ್ರೈಸ್ ಅವನಿಗಿಂತಲೂ ಕಠೋರನಾದನು. ಅವನನ್ನು ಆಕ್ಷೇಪಿಸಿದ ಪಾದ್ರಿ ರೋಜರ್ಸನಿಗೆ ದ್ವೀಪದಿಂದ ಗಡೀಪಾರಾಯಿತು. 1852ರಲ್ಲಿ ವಿಲ್ಸನ್ ಎಂಬ ಬಿಷಪ್ಪನು ಖುದ್ದಾಗಿ ನೋಡಿ ಖಂಡಿಸಿ ಬರೆದನು. 1853ರ ಆರಂಭದಲ್ಲಿ ಪ್ರೈಸ್ ದ್ವೀಪವನ್ನು ಬಿಟ್ಟನು. ಬಿಟ್ಟು ಶಿಕ್ಷೆಯನ್ನು ಅನುಭವಿಸಿದನೇ? ಇಲ್ಲ, ವಿಕ್ಟೋರಿಯ ಪ್ರಾಂತದ ಸೆರೆಮನೆಗಳಿಗೆಲ್ಲ ಇನ್‌ಸ್ಪೆಕ್ಟರ್ ಜನರಲ್ ಆದನು. 1857ರಲ್ಲಿ ಕಲ್ಲುಗಣಿಯೊಂದರಲ್ಲಿ ಕೈದಿಗಳ ಅಹವಾಲನ್ನು ಕೇಳಲು ಹೋಗಿದ್ದಾಗ ಅವರ ಕೈಯಲ್ಲಿಯೇ ಹತನಾದನು.

ಒಂದೇ ಜಾತಿ, ಒಂದೇ ಭಾಷೆ, ಒಂದೇ ಧರ್ಮವಾದರೂ ದ್ವೀಪವು ದ್ವೀಪವೇ. ಆದುದರಿಂದ ಆಳುವವರು ನಮ್ಮವರಾದ ಮೇಲೆ ಈ ರೋಗವು ತಾನಾಗಿ ಹೋಯಿತೆಂದು ಭಾವಿಸುವುದು ಹುಚ್ಚುತನ. ಇದನ್ನು ನಾವು ಮಾತ್ರವಲ್ಲ, ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ.

ಪೆಟ್ಟಿಗೆಯ ಬೀಗದ ಕೈ

ದೆಹಲಿಯ ತಿಹಾರ್ ಸೆರೆಮನೆ ಯಾವ ಸಮುದ್ರದ ನಡುವೆಯೂ ಇಲ್ಲ. ಸರ್ವೋಚ್ಚ ನ್ಯಾಯಾಲಯದಿಂದ ಕೆಲವೇ ಮೈಲಿ ದೂರದಲ್ಲಿದೆ. ಅಲ್ಲಿ ವಾರ್ಡರನೊಬ್ಬನು ಹಣಕ್ಕಾಗಿ ಒಬ್ಬ ಕೈದಿಯನ್ನು ಹೇಳಲಾಗದಂಥ ರೀತಿಯಲ್ಲಿ ಹಿಂಸಿಸಿದನೆಂದು, ಸುನಿಲ್ ಬಾತ್ರಾ ಎಂಬ ಇನ್ನೊಬ್ಬ ಕೈದಿಯು ನ್ಯಾಯಮೂರ್ತಿಗಳೊಬ್ಬರಿಗೆ ಕಾಗದ ಬರೆದನು. ಮುದ್ರಾಂಕವಿಲ್ಲ, ವಕಾಲತ್ತಿಲ್ಲ, ಬರೀ ಕಾಗದ. ನ್ಯಾಯಾಲಯವು ಅದನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಸ್ವೀಕರಿಸಿತು. 1979ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ, ಸೆರೆಮನೆಗಳಲ್ಲಿ ದೂರಿನ ಪೆಟ್ಟಿಗೆಗಳನ್ನು ಇಡಬೇಕೆಂದೂ, ಅವು ಜಿಲ್ಲಾ ಮ್ಯಾಜಿಸ್ಟ್ರೇಟರು ಮತ್ತು ಸೆಷನ್ಸ್ ನ್ಯಾಯಾಧೀಶರ ಆಜ್ಞೆಗೆ ಒಳಪಟ್ಟಿರಬೇಕೆಂದೂ ವಿಧಿಸಲಾಯಿತು. ಅಂಡಮಾನಿನ ಎಂಬತ್ತು ವರ್ಷಗಳ ಪಾಠವೆಲ್ಲ ಈ ಒಂದು ವಿಧಿಯಲ್ಲಿ ಅಡಗಿದೆ. ಪೆಟ್ಟಿಗೆ ಇದೆಯೇ ಎಂದು ಕೇಳಿದರೆ ಸಾಲದು; ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಬೇಕು. 2015ರಲ್ಲಿ ವಿಶ್ವಸಂಸ್ಥೆಯು ನೆಲ್ಸನ್ ಮಂಡೇಲರ ಹೆಸರಿನಲ್ಲಿ ಅಂಗೀಕರಿಸಿದ ನಿಯಮಗಳೂ, ಕೈದಿಯ ದೂರನ್ನು ನಡುವೆ ಯಾರೂ ತಿದ್ದದೆ ತಡೆಯದೆ ಮೇಲಿನವರಿಗೂ ನ್ಯಾಯಾಧೀಶರಿಗೂ ಮುಟ್ಟಿಸಬೇಕೆಂದು ಹೇಳುತ್ತವೆ. ಮಂಡೇಲರೂ ರಾಬೆನ್ ಎಂಬ ದ್ವೀಪದಲ್ಲಿ ಹದಿನೆಂಟು ವರ್ಷ ಕಳೆದವರೆಂಬುದನ್ನು ಮರೆಯಬಾರದು.

ಈ ಮಾತು ಸೆರೆಮನೆಗೆ ಮಾತ್ರ ಸಲ್ಲತಕ್ಕದ್ದಲ್ಲ. ಕಾಡಿನ ಅಂಚಿನ ಆಶ್ರಮಶಾಲೆ, ಊರ ಹೊರಗಿನ ಅನಾಥಾಲಯ, ಮಾನಸಿಕ ರೋಗಿಗಳ ಆಸ್ಪತ್ರೆ, ಹುಡುಗಿಯರ ವಸತಿನಿಲಯ, ಘಟ್ಟದ ಮೇಲಿನ ತೋಟದ ಕೂಲಿಯ ಸಾಲುಮನೆ, ಇವುಗಳಲ್ಲಿ ಎಷ್ಟೋ ದ್ವೀಪಗಳಿವೆ. ಒಳಗಿನವರು ತಾವಾಗಿ ಹೊರಗೆ ಬರಲಾರದ, ಹೊರಗಿನವರು ಮುನ್ಸೂಚನೆಯಿಲ್ಲದೆ ಒಳಗೆ ಹೋಗಲಾರದ ಸ್ಥಳವೆಲ್ಲವೂ ದ್ವೀಪವೇ. ಅಲ್ಲಿಯ ಮೇಲ್ವಿಚಾರಕರಲ್ಲಿ ಬಹುಮಂದಿ ಸಜ್ಜನರೆಂಬುದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಸಜ್ಜನರಿಗೆ ತಪಾಸಣೆಯಿಂದ ನಷ್ಟವೇನೂ ಇಲ್ಲ. ಸುಳ್ಳು ದೂರಿನಿಂದ ಅವರನ್ನು ಕಾಪಾಡುವುದೂ ನಿಷ್ಪಕ್ಷಪಾತವಾದ ತಪಾಸಣೆಯೇ. ಸುಳ್ಳು ದೂರುಗಳು ಬರುತ್ತವೆಂಬ ಕಾರಣಕ್ಕೆ ದೂರಿನ ದಾರಿಯನ್ನೇ ಕಟ್ಟುವುದು, ನೊಣ ಬರುತ್ತದೆಂದು ಮನೆಯ ಕಿಟಕಿಗಳಿಗೆಲ್ಲ ಗೋಡೆ ಎತ್ತಿಸಿದಂತೆ.

ತಪಾಸಣೆಗೆ ಹೋಗುವ ಅಧಿಕಾರಿ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಹೇಳಿಕಳುಹಿಸಿ ಹೋಗಬೇಡಿರಿ. ಹೋದಲ್ಲಿ ಉಪಾಹಾರದ ಕೋಣೆಗಿಂತ ಮೊದಲು ಅಡಿಗೆಯ ಕೋಣೆಯನ್ನು ನೋಡಿರಿ. ಒಳಗಿನವರೊಡನೆ ಮಾತನಾಡುವಾಗ ಅಲ್ಲಿಯ ಮೇಲ್ವಿಚಾರಕರನ್ನು ಹೊರಗೆ ನಿಲ್ಲಿಸಿರಿ. ಸತ್ತವರ ಲೆಕ್ಕವಿದ್ದರೆ ಅದನ್ನು ಅವರು ಬರೆದುಕೊಟ್ಟಂತೆ ನಂಬದೆ, ಹೆಸರು ಹಿಡಿದು ಕೂಗಿ ಉಳಿದವರನ್ನು ಎಣಿಸಿರಿ. ದೂರು ಕೊಟ್ಟವನ ಸ್ಥಿತಿ ಹೇಗಿದೆಯೆಂದು ನೋಡಲು ಒಂದು ತಿಂಗಳ ಮೇಲೆ ಇನ್ನೊಮ್ಮೆ ಹೋಗಿರಿ. ಮೊದಲನೆಯ ಭೇಟಿಯಿಂದ ಆಗುವುದಕ್ಕಿಂತ ಹೆಚ್ಚಿನ ಉಪಕಾರ ಆ ಎರಡನೆಯ ಭೇಟಿಯಿಂದ ಆಗುತ್ತದೆ.

ನಾವೂ ಒಂದು ಮಾತು ಕೊಡುತ್ತೇವೆ. ಸಹಿಯಿಲ್ಲದ ಕಾಗದವನ್ನು ಅಚ್ಚು ಹಾಕುವುದಿಲ್ಲವೆಂಬ ನಿಯಮವನ್ನು ನಾವು ಬಿಡುವುದಿಲ್ಲ. ಆದರೆ ಹೆಸರು ಹಾಕಿ ಬರೆದವರ ಹೆಸರನ್ನು ಅವರ ಅನುಮತಿಯಿಲ್ಲದೆ ಈ ಕಚೇರಿಯಿಂದ ಹೊರಗೆ ಹೋಗಗೊಡುವುದಿಲ್ಲ. ವಿಷಯವನ್ನು ಸ್ಥಳದಲ್ಲಿ ವಿಚಾರಿಸದೆ ಬಿಡುವುದೂ ಇಲ್ಲ. ದ್ವೀಪದ ಒಳಗಿನಿಂದ ಬಂದ ಒಂದು ಕಾಗದವನ್ನು 1912ರಲ್ಲಿ ಕಲ್ಕತ್ತೆಯ ಸಂಪಾದಕರೊಬ್ಬರು ಅಚ್ಚು ಹಾಕಿದರು. ಅಂಥ ಕಾಗದವು ನಮ್ಮ ಮೇಜಿಗೆ ಬರುವ ದಿನ ಬಾರದಿರಲಿ ಎಂದು ಹಾರೈಸುತ್ತೇವೆ. ಬಂದರೆ ಅದನ್ನು ಓದದೆ ಇಡುವುದಿಲ್ಲ.